ರೋಗನಿರೋಧ ಒಂದು ‘ಶಕ್ತಿ’ಯೇ?

ಕನ್ನಡದಲ್ಲಿ ನಾವು ‘ರೋಗನಿರೋಧಕ ಶಕ್ತಿ’ ಎನ್ನುತ್ತೇವೆ. ಇಂಗ್ಲಿಷಿನ ‘ಇಮ್ಯೂನಿಟಿ’ ಎಂಬ ಮಾತಿನಲ್ಲಿ ಶಕ್ತಿಯ ಸುಳಿವಿಲ್ಲ. ಅದರ ಲ್ಯಾಟಿನ್ ಮೂಲಕ್ಕೆ ತೆರಿಗೆಯಿಂದಲೋ ಸಾರ್ವಜನಿಕ ಸೇವೆಯಿಂದಲೋ ಸಿಕ್ಕ ವಿನಾಯಿತಿ ಎಂದರ್ಥ. ಶಕ್ತಿಯನ್ನು ಸೇರಿಸಿದವರು ನಾವು. ಸೇರಿಸಿದ ಮೇಲೆ ಆ ಪದ ತನ್ನ ತರ್ಕವನ್ನೂ ಜೊತೆಗೆ ಎಳೆದು ತಂದಿತು. ಶಕ್ತಿ ಎಂದರೆ ಕುಂದುವಂಥದ್ದು, ಹೆಚ್ಚುವಂಥದ್ದು. ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಮ್ಮಿ ಇರುವಂಥದ್ದು. ಕಷಾಯದಿಂದಲೋ ಮಾತ್ರೆಯಿಂದಲೋ ತುಂಬಿಸಿಕೊಳ್ಳಬಹುದಾದದ್ದು. 2020ರ ನಂತರ ಈ ನಂಬಿಕೆ ಮನೆಮನೆಯ ಮಾತಾಯಿತು. ನಾನಿಲ್ಲಿ ಪರೀಕ್ಷಿಸಲು ಹೊರಟಿರುವುದು ಕಷಾಯದ ಗುಣಾವಗುಣವನ್ನಲ್ಲ, ನಂಬಿಕೆಯ ತಳದಲ್ಲಿರುವ ಲೆಕ್ಕವನ್ನು. ರೋಗನಿರೋಧ ಎನ್ನುವುದು ಒಂದು ಮೊತ್ತ. ಅದು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ಅದರಿಂದ ಏನನ್ನು ಕಳೆದರೂ ಅಷ್ಟು ರಕ್ಷಣೆಯನ್ನು ಕಳೆದಂತೆ. ಈ ಲೆಕ್ಕ ಏಕೆ ನಿಲ್ಲುವುದಿಲ್ಲ ಎನ್ನುವುದಕ್ಕೆ ನಮ್ಮ ದೇಹದಲ್ಲೇ ಒಂದು ಸಾಕ್ಷಿಯಿದೆ. ವಿಜ್ಞಾನಿಗಳು ಅದನ್ನು ‘ಎಟಿಪಿಕಲ್ ಕೀಮೊಕೈನ್ ರಿಸೆಪ್ಟರ್’ ಎನ್ನುತ್ತಾರೆ. ರೂಢಿಗೆ ಹೊರತಾದ ಗ್ರಾಹಿಗಳು ಎಂದು ನಾನು ಕರೆಯುತ್ತೇನೆ. ರೋಗನಿರೋಧದ ಸಂಕೇತಗಳನ್ನು ಹಿಡಿದು ಅಳಿಸುವುದೇ ಇವುಗಳಲ್ಲಿ ಹೆಚ್ಚಿನವುಗಳ ಕಸುಬು. ಮೊತ್ತದ ಲೆಕ್ಕ ಸರಿಯಾಗಿದ್ದರೆ ಇವು ದೇಹದೊಳಗಿನ ಹಾನಿಕಾರರಾಗಬೇಕಿತ್ತು. ಹಾಗಿಲ್ಲ.

ಮೊದಲು ರೂಢಿಯ ನಂಬಿಕೆಯನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಡಬೇಕು. ಅದು ಮೂಢನಂಬಿಕೆಯಲ್ಲ, ಅದಕ್ಕೆ ಗಟ್ಟಿಯಾದ ಅನುಭವದ ಆಧಾರವಿದೆ. ಎಚ್‌ಐವಿ ಸೋಂಕಿನಲ್ಲಿ ಸಿಡಿ4 ಕೋಶಗಳು ಕಡಿಮೆಯಾಗುತ್ತಾ ಹೋದಂತೆ, ಬೇರೆಯವರಿಗೆ ಏನೂ ಮಾಡದ ಸೂಕ್ಷ್ಮಜೀವಿಗಳೂ ಪ್ರಾಣ ತೆಗೆಯುತ್ತವೆ. ಕ್ಯಾನ್ಸರ್ ಔಷಧಿಯಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಕುಸಿದಾಗ ಸಣ್ಣ ಜ್ವರವೂ ತುರ್ತು ಪರಿಸ್ಥಿತಿಯಾಗುತ್ತದೆ. ಹೊಟ್ಟೆಗಿಲ್ಲದೆ ಸೊರಗಿದ ಮಗುವಿಗೆ ದಡಾರ ಬಂದರೆ ಸಾವಿನ ಅಪಾಯ ಹೆಚ್ಚು. ಇವೆಲ್ಲ ಕೊರತೆಯಿಂದ ಬಂದ ಕೇಡುಗಳು. ಕೊರತೆ ಕೇಡಾದರೆ ಹೆಚ್ಚಳ ಒಳ್ಳೆಯದಾಗಿರಲೇಬೇಕು ಎಂದು ಮನಸ್ಸು ತಾನಾಗಿ ಜಾರುತ್ತದೆ. ಈ ನಂಬಿಕೆಗೆ ಓದಿದವರ ನಡುವೆ ಇನ್ನೂ ಸೂಕ್ಷ್ಮವಾದ ರೂಪವೊಂದಿದೆ: ಸೋಂಕಾದ ಜಾಗ ರಾಸಾಯನಿಕ ಕರೆ ಕಳಿಸುತ್ತದೆ, ಕರೆ ಕೇಳಿ ರಕ್ಷಕ ಕೋಶಗಳು ಬರುತ್ತವೆ, ಹಾಗಿದ್ದರೆ ಕರೆಯನ್ನು ಅಡಗಿಸುವ ಯಾವುದೇ ಅಣು ರಕ್ಷಣೆಯನ್ನು ದುರ್ಬಲಗೊಳಿಸುತ್ತದೆ, ಅಥವಾ ಹೆಚ್ಚೆಂದರೆ ಕೆಲಸ ಮುಗಿದ ಮೇಲೆ ಕಸ ಗುಡಿಸುತ್ತದೆ. ಈ ಸೂಕ್ಷ್ಮ ರೂಪವನ್ನು ಬಿಡಿಸಿ ನೋಡಿದರೆ ಒರಟು ರೂಪ ಎಲ್ಲಿ ಎಡವುತ್ತದೆ ಎನ್ನುವುದೂ ತಿಳಿಯುತ್ತದೆ.

ಕರೆ ಎಂದೆನಲ್ಲ, ಅದರ ಹೆಸರು ಕೀಮೊಕೈನ್. ಇವು ಪುಟ್ಟ ಪ್ರೋಟೀನುಗಳು. ಮನುಷ್ಯನಲ್ಲಿ 40ಕ್ಕೂ ಹೆಚ್ಚು ಬಗೆಯವು ಇವೆ. ಗಾಯವಾದ ಚರ್ಮ, ಸೋಂಕಾದ ಶ್ವಾಸಕೋಶ, ಏನೂ ಆಗದೆ ಸುಮ್ಮನಿರುವ ದುಗ್ಧಗ್ರಂಥಿ, ಎಲ್ಲವೂ ತಮ್ಮ ತಮ್ಮ ಕೀಮೊಕೈನ್‌ಗಳನ್ನು ಸುರಿಸುತ್ತವೆ. ಬಿಳಿ ರಕ್ತಕಣಗಳ ಮೈಮೇಲೆ ಅವನ್ನು ಹಿಡಿಯುವ ಗ್ರಾಹಿಗಳಿರುತ್ತವೆ. ರೂಢಿಯ ಗ್ರಾಹಿಯೊಂದು ಕೀಮೊಕೈನನ್ನು ಹಿಡಿದಾಗ ಕೋಶದ ಒಳಗೆ ಜಿ-ಪ್ರೋಟೀನ್ ಎಂಬ ಸಂದೇಶವಾಹಕ ಎಚ್ಚೆತ್ತು, ಕೋಶದ ಒಳಚೌಕಟ್ಟು ಬದಲಾಗಿ, ಕೀಮೊಕೈನ್ ಹೆಚ್ಚಿರುವ ದಿಕ್ಕಿಗೆ ಕೋಶ ತೆವಳುತ್ತದೆ. ಎಚ್‌ಐವಿ ಒಳನುಗ್ಗಲು ಬಳಸುವ ಸಿಸಿಆರ್5 ಇಂಥ ರೂಢಿಯ ಗ್ರಾಹಿಗಳಲ್ಲಿ ಒಂದು. ಆದರೆ ಕೆಲವು ಗ್ರಾಹಿಗಳು ಇದೇ ಮನೆತನಕ್ಕೆ ಸೇರಿ, ಇದೇ ಆಕಾರ ಹೊತ್ತು, ಇದೇ ಕೀಮೊಕೈನ್‌ಗಳನ್ನು ಬಿಗಿಯಾಗಿ ಹಿಡಿದರೂ ಜಿ-ಪ್ರೋಟೀನನ್ನು ಎಬ್ಬಿಸುವುದಿಲ್ಲ. ಅವನ್ನು ಹೊತ್ತ ಕೋಶ ಆ ಹಿಡಿತದಿಂದ ಎಲ್ಲಿಗೂ ಹೊರಡುವುದಿಲ್ಲ. ಹಿಡಿದ ಕೀಮೊಕೈನನ್ನು ಅವು ಕೋಶದೊಳಗೆ ಎಳೆದುಕೊಂಡು ಕರಗಿಸುತ್ತವೆ, ಇಲ್ಲವೇ ಬೇರೆಡೆಗೆ ಸಾಗಿಸುತ್ತವೆ. ಮೊದಲು ಇವನ್ನು ಮೂಕ ಗ್ರಾಹಿ, ಹುಸಿ ಗ್ರಾಹಿ, ಕಸ ಹೆಕ್ಕುವ ಗ್ರಾಹಿ ಎಂದೆಲ್ಲ ಕರೆದರು. 2014ರಲ್ಲಿ ಇವುಗಳಿಗೆ ಒಂದು ಕುಟುಂಬದ ಹೆಸರು ಕೊಟ್ಟು ಎಸಿಕೆಆರ್1ರಿಂದ ಎಸಿಕೆಆರ್4ರವರೆಗೆ ಸಂಖ್ಯೆ ಹಾಕಲಾಯಿತು. ಹಳೆಯ ಹೆಸರುಗಳು ಕಾಗದದಿಂದ ಹೋದವು. ಅವು ಬಿತ್ತಿದ ಗೊಂದಲ ಹೋಗಲಿಲ್ಲ. ಅದನ್ನು ಮೂರು ಎಳೆಗಳಾಗಿ ಬಿಡಿಸಬಹುದು.

1. ಸಂಕೇತವನ್ನು ಮುಂದೆ ದಾಟಿಸದ ಗ್ರಾಹಿ ರೋಗನಿರೋಧಕ್ಕೆ ಏನನ್ನೂ ಕೊಡುವುದಿಲ್ಲ, ಅದು ಬರೀ ಕಸದ ಬುಟ್ಟಿ.

2. ಸಂಕೇತವನ್ನು ತೆಗೆಯುವ ಗ್ರಾಹಿ ರೋಗನಿರೋಧವನ್ನು ತಗ್ಗಿಸುತ್ತದೆ. ಅದನ್ನು ತಡೆದರೆ ರೋಗನಿರೋಧ ಏರುತ್ತದೆ.

3. ಏರಿತೋ ತಗ್ಗಿತೋ ಎಂಬುದನ್ನು ರಕ್ತದಲ್ಲಿರುವ ಕಣಗಳ ಎಣಿಕೆಯಿಂದ ತಿಳಿಯಬಹುದು.

ಮೂರೂ ಒಂದರ ಮೇಲೊಂದು ನಿಂತಿವೆ. ಮೊದಲನೆಯದನ್ನು ತೆಗೆದುಕೊಳ್ಳೋಣ. ಕೋಶವೊಂದು ದಿಕ್ಕನ್ನು ಹೇಗೆ ತಿಳಿಯುತ್ತದೆ? ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿದ ಹೊಸದರಲ್ಲಿ ಕಣ್ಣು ಮುಚ್ಚಿಕೊಂಡೂ ಅದರತ್ತ ನಡೆಯಬಹುದು. ಬಾಗಿಲು ಕಿಟಕಿ ಮುಚ್ಚಿ ಮನೆಯೆಲ್ಲ ಹೊಗೆ ತುಂಬಿದ ಮೇಲೆ ವಾಸನೆ ಹೆಚ್ಚಾಗಿದ್ದರೂ ದಿಕ್ಕು ತಿಳಿಯದು. ಕೋಶಕ್ಕೆ ಬೇಕಾದದ್ದು ಕೀಮೊಕೈನ್ ಮಾತ್ರವಲ್ಲ, ಇಲ್ಲಿಗೂ ಅಲ್ಲಿಗೂ ನಡುವೆ ಕೀಮೊಕೈನ್‌ನಲ್ಲಿ ವ್ಯತ್ಯಾಸ; ಅಂದರೆ ಸಾಂದ್ರತೆಯ ಇಳಿಜಾರು. ಸುರಿಯುವ ಮೂಲವೊಂದೇ ಇದ್ದರೆ ಇಳಿಜಾರು ಬಹಳ ಹೊತ್ತು ನಿಲ್ಲುವುದಿಲ್ಲ. ಅಣುಗಳು ಹರಡಿ ಎಲ್ಲ ಕಡೆಯೂ ತುಂಬಿಕೊಳ್ಳುತ್ತವೆ, ತಗ್ಗು ಭರ್ತಿಯಾಗುತ್ತದೆ, ಇಳಿಜಾರು ಸಮವಾಗುತ್ತದೆ. ಇಳಿಜಾರು ಉಳಿಯಬೇಕಾದರೆ ಒಂದು ಕಡೆ ಸುರಿಯುವವರಿದ್ದಂತೆ ಇನ್ನೊಂದು ಕಡೆ ಬತ್ತಿಸುವವರೂ ಇರಬೇಕು. ಆದ್ದರಿಂದ ಅಳಿಸುವಿಕೆ ಸಂಕೇತಕ್ಕೆ ಎದುರಾದ ಕ್ರಿಯೆಯಲ್ಲ. ಸಂಕೇತದಲ್ಲಿ ಅರ್ಥವಿರುವ ಭಾಗ ದಿಕ್ಕು ಎನ್ನುವುದಾದರೆ, ಆ ಅರ್ಥದ ಅರ್ಧವನ್ನು ಬರೆಯುವುದು ಅಳಿಸುವವನೇ.

ಇದು ಕಾಗದದ ಮೇಲಿನ ತರ್ಕ ಮಾತ್ರವಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಜೀಬ್ರಾ ಮೀನಿನ ಭ್ರೂಣದಲ್ಲಿ ಕೋಶಗಳ ಒಂದು ಗುಂಪು ತಲೆಯ ಹಿಂಭಾಗದಿಂದ ಬಾಲದ ತುದಿಯವರೆಗೆ ಸಾಗುತ್ತದೆ. ನೀರಿನ ಅಲುಗಾಟವನ್ನು ಗ್ರಹಿಸುವ ಅಂಗಗಳನ್ನು ದಾರಿಯುದ್ದಕ್ಕೂ ಬಿತ್ತುತ್ತಾ ಹೋಗುತ್ತದೆ. ಅದಕ್ಕೆ ದಾರಿ ತೋರುವುದು ಸಿಎಕ್ಸ್‌ಸಿಎಲ್12 ಎಂಬ ಕೀಮೊಕೈನ್. ಆದರೆ ಈ ಕೀಮೊಕೈನ್ ಬಾಲದ ಕಡೆ ಹೆಚ್ಚಿಗೆ, ತಲೆಯ ಕಡೆ ಕಡಿಮೆ ತಯಾರಾಗುವುದಿಲ್ಲ; ದಾರಿಯುದ್ದಕ್ಕೂ ಒಂದು ಪಟ್ಟಿಯಂತೆ ಹಾಸಿಕೊಂಡಿರುತ್ತದೆ. ಸಮತಟ್ಟಾದ ಪಟ್ಟಿಯಲ್ಲಿ ದಿಕ್ಕು ಎಲ್ಲಿಂದ ಬಂತು? ಗುಂಪಿನ ಮುಂದಿನ ಕೋಶಗಳಲ್ಲಿ ರೂಢಿಯ ಗ್ರಾಹಿ ಸಿಎಕ್ಸ್‌ಸಿಆರ್4 ಕೆಲಸ ಮಾಡುತ್ತದೆ. ಹಿಂದಿನ ಕೋಶಗಳಲ್ಲಿ ರೂಢಿಗೆ ಹೊರತಾದ ಎಸಿಕೆಆರ್3 ಇರುತ್ತದೆ, ಅದು ಗುಂಪಿನ ಹಿಂಬದಿಯ ಕೀಮೊಕೈನನ್ನು ನುಂಗಿ ಬತ್ತಿಸುತ್ತದೆ. ಹಿಂದೆ ಬತ್ತಿದ್ದರಿಂದ ಮುಂದೆ ಹೆಚ್ಚಾಯಿತು. ಗುಂಪು ಮುಂದಕ್ಕೆ ಸರಿಯಿತು. ಸರಿದಲ್ಲೂ ಮತ್ತೆ ಹಿಂದೆ ಬತ್ತಿತು. ಗುಂಪು ತನ್ನ ಇಳಿಜಾರನ್ನು ತಾನೇ ಕಡೆದುಕೊಂಡು ನಡೆಯುತ್ತದೆ ಎಂಬುದನ್ನು 2013ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಎಸಿಕೆಆರ್3 ಇಲ್ಲದಾಗ ಕೀಮೊಕೈನ್ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಪ್ರಯಾಣ ಮಾತ್ರ ನಿಲ್ಲುತ್ತದೆ. ಕರೆಯ ಮೊತ್ತ ಹೆಚ್ಚಿ ಕರೆಯ ಕೆಲಸ ಕೆಡುವ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅದು ಭ್ರೂಣದ ಮಾತಾಯಿತು, ರೋಗನಿರೋಧದ ಮಾತೇನು ಎಂದು ಕೇಳಬಹುದು. ದುಗ್ಧಗ್ರಂಥಿಯಲ್ಲೂ ಇದೇ ನಡೆಯುತ್ತದೆ. ಚರ್ಮದಲ್ಲಿ ಸೂಕ್ಷ್ಮಜೀವಿಯ ತುಣುಕನ್ನು ಹಿಡಿದ ಡೆಂಡ್ರೈಟಿಕ್ ಕೋಶ ಅದನ್ನು ಹೊತ್ತು ದುಗ್ಧನಾಳದ ಮೂಲಕ ಗ್ರಂಥಿಯ ಹೊರಪೊರೆಯ ಕೆಳಗಿರುವ ಕಾಲುವೆಗೆ ಬಂದು ತಲುಪುತ್ತದೆ. ಅಲ್ಲಿಂದ ಗ್ರಂಥಿಯ ಒಡಲಿಗೆ ಇಳಿದು ಟಿ-ಕೋಶಗಳಿಗೆ ಆ ತುಣುಕನ್ನು ತೋರಿಸಿದರೆ ಮಾತ್ರ ಮುಂದಿನ ರೋಗನಿರೋಧ ಹುಟ್ಟೀತು. ಒಡಲಿನಲ್ಲಿ ಸಿಸಿಎಲ್21 ಎಂಬ ಕೀಮೊಕೈನ್ ಹೇರಳವಾಗಿದೆ. ಅದು ಕಾಲುವೆಗೂ ಸೋರಿ ತುಂಬಿಬಿಟ್ಟರೆ ಒಳಗು ಹೊರಗು ಒಂದೇ ಆಗುತ್ತದೆ. ಹಾಗಾಗದಂತೆ ಕಾಯುವುದು ಎಸಿಕೆಆರ್4. ಅದು ಕಾಲುವೆಯ ಮೇಲ್ಚಾವಣಿಯಲ್ಲಿ ಹಾಸಿಕೊಂಡಿದೆ, ನೆಲದ ಕಡೆ ಇಲ್ಲ. ಮೇಲೆ ಬತ್ತಿಸಿ ಕೆಳಗೆ ಉಳಿಸುವುದರಿಂದ ‘ಒಳಕ್ಕೆ ಇಳಿ’ ಎಂಬ ಸೂಚನೆ ಮೂಡುತ್ತದೆ. ಈ ಗ್ರಾಹಿಯಿಲ್ಲದ ಇಲಿಗಳಲ್ಲಿ ಡೆಂಡ್ರೈಟಿಕ್ ಕೋಶಗಳು ಕಾಲುವೆಯಲ್ಲೇ ಉಳಿದು, ಒಳಗೆ ಸೇರುವುದು ಕುಂಠಿತವಾಗುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸೋಂಕಿನ ಸುದ್ದಿ ಹೊತ್ತು ತಂದವರು ಬಾಗಿಲಲ್ಲೇ ನಿಂತರು. ಅಳಿಸುವವನನ್ನು ತೆಗೆದಾಗ ಸಂಕೇತ ಏರಿತು, ರೋಗನಿರೋಧ ಇಳಿಯಿತು. ಮೊದಲನೆಯ ಎಳೆ ಇಲ್ಲಿಗೆ ಕಡಿದುಹೋಗುತ್ತದೆ.

ಎರಡನೆಯ ಎಳೆ ಇನ್ನೂ ಗಟ್ಟಿ, ಏಕೆಂದರೆ ಅದರ ಪರವಾಗಿ ಸಾಕ್ಷ್ಯವಿದೆ. ಎಸಿಕೆಆರ್2 ಎಂಬುದು ಉರಿಯೂತದ ಕೀಮೊಕೈನ್‌ಗಳಲ್ಲಿ ಒಂದು ದೊಡ್ಡ ಗುಂಪನ್ನು ಹಿಡಿಯುತ್ತದೆ. ಕೋಶದ ಮೇಲ್ಮೈಗೂ ಒಳಗೂ ಅದು ಬಿಡುವಿಲ್ಲದೆ ಓಡಾಡುತ್ತಲೇ ಇರುತ್ತದೆ. ಬರುವಾಗ ಬರಿಗೈ, ಹೋಗುವಾಗ ಕೀಮೊಕೈನ್. ದುಗ್ಧನಾಳಗಳ ಒಳಪದರ, ಗರ್ಭಿಣಿಯ ಮಾಸು ಅದು ಹೆಚ್ಚಾಗಿ ಇರುವ ಜಾಗಗಳು. ಅದಿಲ್ಲದ ಇಲಿಗಳ ಚರ್ಮಕ್ಕೆ ಕೆರಳಿಸುವ ರಾಸಾಯನಿಕ ಹಚ್ಚಿದಾಗ, ಸಾಮಾನ್ಯ ಇಲಿಗಳಲ್ಲಿ ಕೆಲವು ದಿನಗಳಲ್ಲಿ ಆರಿಹೋಗುವ ಉರಿಯೂತ ಆರದೆ ಮುಂದುವರಿದು ಸೋರಿಯಾಸಿಸ್ ಹೋಲುವ ಸ್ಥಿತಿಯಾಯಿತು. ಇದು 2005ರ ಫಲಿತಾಂಶ. ಮಾಸಿನಲ್ಲಿ ಇದು ಇಲ್ಲದ ಇಲಿಗಳಲ್ಲಿ ಉರಿಯೂತ ಕೆರಳಿಸಿದಾಗ ಗರ್ಭ ನಷ್ಟವೂ ಹೆಚ್ಚಾಯಿತು. ಇಷ್ಟನ್ನೇ ನೋಡಿದವರು ‘ಹಾಗಾದರೆ ಎಸಿಕೆಆರ್2 ಒಂದು ಬ್ರೇಕು, ಬ್ರೇಕು ಕಿತ್ತರೆ ಗಾಡಿ ಜೋರಾಗಿ ಓಡುತ್ತದೆ’ ಎಂದು ತೀರ್ಮಾನಿಸಿದರೆ ತಪ್ಪು ಹೇಳಲಾಗದು. ಆದರೆ ಅದೇ ಗ್ರಾಹಿಯಿಲ್ಲದ ಇಲಿಗಳಲ್ಲಿ ಮಿದುಳು ಮತ್ತು ಬೆನ್ನುಹುರಿಯ ಮೇಲೆ ರೋಗನಿರೋಧವೇ ದಾಳಿ ಮಾಡುವ ಕಾಯಿಲೆಯನ್ನು ಉಂಟುಮಾಡಲು ನೋಡಿದಾಗ ಕಾಯಿಲೆ ಜೋರಾಗಲಿಲ್ಲ, ಸೌಮ್ಯವಾಯಿತು. ಬ್ರೇಕು ಕಿತ್ತ ಗಾಡಿ ನಿಧಾನವಾಗಿ ಓಡಿತು.

ಈ ವಿರೋಧಾಭಾಸವನ್ನು ಬಿಡಿಸುವುದು ಜಾಗ. ದುಗ್ಧನಾಳದ ಹೊರಮೈಯಲ್ಲಿ ಎಸಿಕೆಆರ್2 ಉರಿಯೂತದ ಕೀಮೊಕೈನ್‌ಗಳನ್ನು ಸತತವಾಗಿ ಒರೆಸುತ್ತಿರುತ್ತದೆ. ಒರೆಸದೆ ಬಿಟ್ಟರೆ ಕರೆಗೆ ಓಗೊಟ್ಟು ಬಂದ ಉರಿಯೂತದ ಕೋಶಗಳು ನಾಳದ ಸುತ್ತ ಮುತ್ತಿಕೊಂಡು ದಾರಿಯನ್ನು ಕಟ್ಟಿಬಿಡುತ್ತವೆ. ಜಾತ್ರೆಯ ದಿನ ರಥಬೀದಿಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಂತೆ, ಗ್ರಂಥಿಗೆ ಹೋಗಬೇಕಾದ ಡೆಂಡ್ರೈಟಿಕ್ ಕೋಶ ಈ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ತಲುಪದಿದ್ದರೆ ಟಿ-ಕೋಶಗಳಿಗೆ ಪಾಠವಾಗುವುದಿಲ್ಲ. ಪಾಠವಾಗದ ಟಿ-ಕೋಶ ಮಿದುಳಿನ ಮೇಲೆ ದಾಳಿ ಮಾಡುವುದಿಲ್ಲ. ಒಂದೇ ಗ್ರಾಹಿಯ ಕೊರತೆ ಚರ್ಮದಲ್ಲಿ ಹೆಚ್ಚು ಉರಿಯೂತವಾಗಿ, ದುಗ್ಧಗ್ರಂಥಿಯಲ್ಲಿ ಕಡಿಮೆ ಕಲಿಕೆಯಾಗಿ ಕಾಣಿಸಿಕೊಂಡಿತು. ಕ್ಯಾನ್ಸರಿನಲ್ಲೂ ಹೀಗೆಯೇ. ಎಸಿಕೆಆರ್2 ಇಲ್ಲದ ಇಲಿಗಳ ಚರ್ಮದಲ್ಲಿ ಉರಿಯೂತದ ಬೆನ್ನಿಗೇ ಗಡ್ಡೆಗಳು ಹೆಚ್ಚಾದವು. ಆದರೆ ಮೂಳೆಮಜ್ಜೆಯ ಮೂಲಕೋಶಗಳಲ್ಲಿ ಅದು ಇಲ್ಲದಾಗ ಹೊರಬಂದ ನ್ಯೂಟ್ರೊಫಿಲ್‌ಗಳು ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡದಂತೆ ಹೆಚ್ಚು ಸಮರ್ಥವಾಗಿ ತಡೆದವು ಎಂದು 2018ರ ಅಧ್ಯಯನವೊಂದು ಹೇಳಿತು. ಎರಡೂ ಫಲಿತಾಂಶಗಳು ನಿಜವಾಗಿರಲು ಅಡ್ಡಿಯಿಲ್ಲ. ಅಡ್ಡಿಯಾಗುವುದು ‘ಈ ಗ್ರಾಹಿ ರೋಗನಿರೋಧವನ್ನು ಹೆಚ್ಚಿಸುತ್ತದೋ ತಗ್ಗಿಸುತ್ತದೋ’ ಎಂಬ ಪ್ರಶ್ನೆಗೆ. ಅಣುವಿಗೆ ಅಂಥ ಗುಣ ಹುಟ್ಟಿನಿಂದ ಅಂಟಿಕೊಂಡಿಲ್ಲ. ಅದು ಎಲ್ಲಿ ಕೂತಿದೆ, ಯಾವ ಹೊತ್ತಿನಲ್ಲಿ ಕೂತಿದೆ ಎಂಬುದರಿಂದ ಆ ಗುಣ ಬರುತ್ತದೆ.

ಇಲ್ಲಿ ಸಮಾಧಾನದ ಮಾತೊಂದು ಅಡ್ಡಬರುತ್ತದೆ: ‘ಸರಿ, ಅತಿಯಾದರೆ ಅಮೃತವೂ ವಿಷ, ಎಲ್ಲವೂ ಹಿತಮಿತವಾಗಿರಬೇಕು, ಇಷ್ಟೇ ತಾನೆ ನೀವು ಹೇಳುವುದು?’ ಅಲ್ಲ. ಹಿತಮಿತದ ವಾದವೂ ಮೊತ್ತದ ವಾದವೇ. ಅದು ಗರಿಷ್ಠದ ಬದಲು ಮಧ್ಯಮ ಅಳತೆಯನ್ನು ಆರಿಸಿಕೊಳ್ಳುತ್ತದೆ ಅಷ್ಟೆ. ಕೆರೆಗೆ ಕೋಡಿಯೂ ಇದೆ, ತೂಬೂ ಇದೆ. ಎರಡೂ ನೀರನ್ನು ಕೆರೆಯಿಂದ ಹೊರಕ್ಕೇ ಬಿಡುತ್ತವೆ. ಕೋಡಿ ಹೆಚ್ಚಾದದ್ದನ್ನು ಹರಿಯಬಿಟ್ಟು ಏರಿಯನ್ನು ಉಳಿಸುತ್ತದೆ. ಹಿತಮಿತದ ವಾದಕ್ಕೆ ಕಾಣುವುದು ಈ ಕೋಡಿ ಮಾತ್ರ. ತೂಬು ಹಾಗಲ್ಲ. ಯಾವ ಗದ್ದೆಗೆ, ಯಾವ ಹೊತ್ತಿಗೆ ಎಂಬುದು ತೂಬಿನಿಂದ ನಿರ್ಧಾರವಾಗುತ್ತದೆ, ಕೆರೆಯ ಮಟ್ಟದಿಂದಲ್ಲ. ರೂಢಿಗೆ ಹೊರತಾದ ಗ್ರಾಹಿಗಳು ಕೆಲವೊಮ್ಮೆ ಕೋಡಿಯಂತೆ ಕೆಲಸ ಮಾಡುತ್ತವೆ, ಚರ್ಮದ ಪ್ರಯೋಗ ಅದನ್ನೇ ತೋರಿಸಿತು. ಮೀನಿನ ಭ್ರೂಣದಲ್ಲೂ ದುಗ್ಧಗ್ರಂಥಿಯಲ್ಲೂ ಅವು ಮಾಡುವುದು ತೂಬಿನ ಕೆಲಸ. ಅಲ್ಲಿ ಎಷ್ಟು ಕೀಮೊಕೈನ್ ಇದ್ದರೆ ಸರಿ ಎಂಬುದಕ್ಕೆ ಹಿತಮಿತವಾದ ಒಂದು ಅಂಕಿಯೇ ಇಲ್ಲ. ಎರಡು ಬಿಂದುಗಳ ನಡುವಿನ ವ್ಯತ್ಯಾಸವಷ್ಟೇ ಇದೆ.

ಮೂರನೆಯ ಎಳೆಗೆ ಬರೋಣ, ಏಕೆಂದರೆ ಮನುಷ್ಯರಿಗೆ ನೇರವಾಗಿ ಪೆಟ್ಟು ಕೊಟ್ಟಿರುವುದು ಅದು. ಎಸಿಕೆಆರ್1ರ ಕಥೆ ಕೀಮೊಕೈನ್ ಎಂಬ ಪದ ಹುಟ್ಟುವ ಮೊದಲೇ ಶುರುವಾಗಿತ್ತು. 1950ರಲ್ಲಿ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತದಲ್ಲಿ ಹೊಸದೊಂದು ರಕ್ತಗುಂಪು ಪತ್ತೆಯಾಗಿ, ಅವರ ಮನೆತನದ ಹೆಸರಿನಿಂದಲೇ ಅದು ‘ಡಫಿ’ ಎಂದಾಯಿತು. ಪಶ್ಚಿಮ ಆಫ್ರಿಕಾ ಮೂಲದ ಬಹುತೇಕ ಎಲ್ಲರ ಕೆಂಪು ರಕ್ತಕಣಗಳ ಮೇಲೆ ಡಫಿ ಇರುವುದಿಲ್ಲ. ವೈವಾಕ್ಸ್ ಮಲೇರಿಯಾ ಅಂಥವರಿಗೆ ತಗಲದಿರುವುದಕ್ಕೆ ಇದೇ ಕಾರಣ ಎಂದು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ವೈವಾಕ್ಸ್ ಪರಾವಲಂಬಿಗೆ ಕೆಂಪುಕಣದ ಬಾಗಿಲು ಡಫಿಯೇ. 1993ರಲ್ಲಿ ಆ ಬಾಗಿಲು ಕೀಮೊಕೈನ್ ಹಿಡಿಯುವ ಗ್ರಾಹಿಯೂ ಹೌದೆಂದು ಗೊತ್ತಾಯಿತು. 1995ರಲ್ಲಿ ಅದು ಏಕೆ ಇಲ್ಲವಾಗುತ್ತದೆ ಎಂಬುದೂ ತಿಳಿಯಿತು: ಜೀನಿನ ಮುಂಭಾಗದ ನಿಯಂತ್ರಣ ಪ್ರದೇಶದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದರಿಂದ ಕೆಂಪುಕಣಗಳ ವಂಶದಲ್ಲಿ ಮಾತ್ರ ಜೀನು ಮುಚ್ಚಿಕೊಳ್ಳುತ್ತದೆ. ರಕ್ತನಾಳಗಳ ಒಳಪದರದಲ್ಲಿ ಅದೇ ಜೀನು ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ನಾಳದ ಒಳಪದರದಲ್ಲಿ ಅದು ಅಳಿಸುವ ಕೆಲಸವನ್ನೂ ಮಾಡುವುದಿಲ್ಲ. ಅಂಗಾಂಶದ ಕಡೆಯಿಂದ ಕೀಮೊಕೈನನ್ನು ಹಿಡಿದು, ರಕ್ತ ಹರಿಯುವ ಕಡೆಗೆ ದಾಟಿಸಿ, ಹಾದುಹೋಗುವ ಬಿಳಿಕಣಗಳಿಗೆ ತೋರಿಸುತ್ತದೆ. ಒಂದು ಗ್ರಾಹಿ, ಎರಡು ಜಾಗ, ಎರಡು ಕಸುಬು.

ಈಗ ಎಣಿಕೆಯ ಮಾತು. ಕೆಂಪುಕಣಗಳಲ್ಲಿ ಡಫಿ ಇಲ್ಲದವರ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳ ಸಂಖ್ಯೆ ಸರಾಸರಿಗಿಂತ ಕಡಿಮೆ ಇರುತ್ತದೆ. ಎಷ್ಟೋ ಜನರಲ್ಲಿ ಅದು ಒಂದು ಮೈಕ್ರೊಲೀಟರ್ ರಕ್ತದಲ್ಲಿ 1500 ಎಂಬ ವೈದ್ಯಕೀಯ ಗೆರೆಯ ಕೆಳಗೆ ಬೀಳುತ್ತದೆ. ಈ ಕಡಿಮೆ ಎಣಿಕೆಗೂ ಅದೇ ಒಂದಕ್ಷರದ ಬದಲಾವಣೆಗೂ ಸಂಬಂಧವಿದೆಯೆಂದು 2009ರಲ್ಲಿ ಖಚಿತವಾಯಿತು. ಮೊತ್ತದ ಲೆಕ್ಕದಂತೆ ಇವರು ‘ಶಕ್ತಿ ಕಡಿಮೆ’ ಇರುವವರು, ಪದೇ ಪದೇ ಸೋಂಕಿಗೆ ತುತ್ತಾಗಬೇಕಾದವರು. ವಾಸ್ತವದಲ್ಲಿ ಈ ಎಣಿಕೆಯಿಂದಾಗಿ ಅವರಿಗೆ ಸೋಂಕುಗಳು ಹೆಚ್ಚಾಗುವುದಿಲ್ಲ. 2017ರ ಅಧ್ಯಯನವೊಂದು ಕೊಟ್ಟ ವಿವರಣೆ ಹೀಗಿದೆ: ಮೂಳೆಮಜ್ಜೆಯಲ್ಲಿ ಇನ್ನೂ ಬಲಿಯದ ಕೆಂಪುಕಣಗಳ ಮೇಲಿನ ಎಸಿಕೆಆರ್1 ರಕ್ತಕಣಗಳ ಉತ್ಪಾದನೆಯ ಮೇಲೆ ಪ್ರಭಾವ ಬೀರುತ್ತದೆ, ಅದಿಲ್ಲದೆ ರೂಪುಗೊಂಡ ನ್ಯೂಟ್ರೊಫಿಲ್‌ಗಳ ಸ್ವಭಾವವೇ ಬೇರೆ, ಅವು ರಕ್ತವನ್ನು ಬಿಟ್ಟು ಅಂಗಾಂಶಗಳಿಗೆ ಸುಲಭವಾಗಿ ಹೊರಡುತ್ತವೆ. ರಕ್ತ ತೆಗೆದು ಎಣಿಸುವ ನಾವು ಲೆಕ್ಕ ಹಾಕುತ್ತಿರುವುದು ದಾರಿಯಲ್ಲಿರುವವರನ್ನು. ಕೆಲಸದ ಜಾಗ ತಲುಪಿದವರು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಗೊಂದಲದ ಬೆಲೆ ತೆತ್ತವರು ಇದ್ದಾರೆ. ಯೂರೋಪ್ ಮೂಲದವರನ್ನೇ ಹೆಚ್ಚಾಗಿ ಎಣಿಸಿ ಎಳೆದ ಗೆರೆಯನ್ನು ಎಲ್ಲರಿಗೂ ಅನ್ವಯಿಸಿದ್ದರಿಂದ, ಆರೋಗ್ಯವಂತರಿಗೆ ಅನಗತ್ಯವಾಗಿ ಮೂಳೆಮಜ್ಜೆಯ ಪರೀಕ್ಷೆಗಳಾದವು. ಕ್ಯಾನ್ಸರ್ ರೋಗಿಗಳ ಔಷಧಿಯ ಪ್ರಮಾಣ ಇಳಿಯಿತು. ಹೊಸ ಔಷಧಿಗಳ ಪ್ರಯೋಗಗಳಿಂದ ಜನ ಹೊರಗುಳಿದರು. ಬೇರೆ ಯಾವ ಔಷಧಿಗೂ ಬಗ್ಗದ ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪೀನ್ ಎಷ್ಟೋ ಜನರಿಗೆ ಸಿಗದೆ ಹೋಯಿತು ಅಥವಾ ಅರ್ಧಕ್ಕೆ ನಿಂತಿತು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥವರಿಗಾಗಿ ಕ್ಲೋಜಪೀನ್‌ನ ಗೆರೆಯನ್ನು ಬೇರೆಯಾಗಿಯೇ ಕೆಳಗಿಳಿಸಬೇಕಾಯಿತು. ಬಹುಕಾಲ ಈ ಸ್ಥಿತಿಗೆ ಜನಾಂಗವನ್ನು ಸೂಚಿಸುವ ಕಾಯಿಲೆಯ ಹೆಸರೇ ಇತ್ತು. ಈಗೀಗ ಅದನ್ನು ಕಾಯಿಲೆ ಎನ್ನದೆ, ಡಫಿ ಇಲ್ಲದವರ ಸಹಜ ಎಣಿಕೆ ಎಂದು ಕರೆಯುವ ರೂಢಿ ಬರುತ್ತಿದೆ. ಇದು ನಮಗೆ ದೂರದ ವಿಷಯವಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸುತ್ತ ಬಾಳುತ್ತಿರುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರ ಜೀನುಗಳಲ್ಲಿ ಆ ಮೂಲ ಇಂದಿಗೂ ಓದಲು ಸಿಗುತ್ತದೆ. ಸಿದ್ದಿ ರೋಗಿಯೊಬ್ಬರ ರಕ್ತದ ವರದಿಯಲ್ಲಿ ನ್ಯೂಟ್ರೊಫಿಲ್ ಕಡಿಮೆ ಕಂಡಾಗ, ಡಫಿ ಪರೀಕ್ಷೆಯನ್ನು ನೆನೆಯುವ ವೈದ್ಯರಿಗೂ ‘ಶಕ್ತಿ ಕಡಿಮೆ’ ಎಂದು ಷರಾ ಬರೆಯುವ ವೈದ್ಯರಿಗೂ ಅಂತರ ದೊಡ್ಡದು.

ಇನ್ನು ಆಕ್ಷೇಪಗಳು. ಮೊದಲನೆಯದು ಹೀಗಿದೆ: ಡಫಿ ಇಲ್ಲದ ಕೋಟ್ಯಂತರ ಜನ ಆರೋಗ್ಯವಾಗಿದ್ದಾರೆ ಎಂದು ನೀವೇ ಹೇಳುತ್ತೀರಿ, ಹಾಗಾದರೆ ಆ ಗ್ರಾಹಿ ಬೇಕಿಲ್ಲದ್ದು ಎಂದಾಯಿತಲ್ಲವೇ? ಇಲ್ಲ. ಅವರಲ್ಲಿ ಇಲ್ಲವಾಗಿರುವುದು ಕೆಂಪುಕಣಗಳ ಮೇಲಿನ ಎಸಿಕೆಆರ್1 ಮಾತ್ರ, ನಾಳಗಳ ಒಳಪದರದಲ್ಲಿ ಅದು ಹಾಗೆಯೇ ಇದೆ. ಜೊತೆಗೆ, ಒಂದು ಅಣುವಿನ ಲಾಭನಷ್ಟ ಅದನ್ನು ಯಾರು ದುರುಪಯೋಗಪಡಿಸಿಕೊಳ್ಳುತ್ತಾರೆ ಎಂಬುದರ ಮೇಲೂ ನಿಂತಿದೆ. ವೈವಾಕ್ಸ್ ಅದನ್ನು ಬಾಗಿಲಾಗಿಸಿಕೊಂಡರೆ, ಸ್ಟಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯದ ವಿಷಗಳು ಕೆಂಪುಕಣಗಳನ್ನು ಒಡೆಯಲು ಹಿಡಿಯುವ ಕೊಕ್ಕೆಯೂ ಅದೇ ಎಂದು 2015ರಲ್ಲಿ ತಿಳಿಯಿತು. ಬಾಗಿಲು ತೆಗೆದುಹಾಕಿದ್ದರಿಂದ ಒಂದು ಪ್ರದೇಶದ ಜನಕ್ಕೆ ದೊಡ್ಡ ಲಾಭವಾಯಿತು. ಆ ಲಾಭವೂ ಪೂರ್ಣ ರಕ್ಷೆಯಲ್ಲ, ಮಡಗಾಸ್ಕರಿನಲ್ಲಿ ಡಫಿ ಇಲ್ಲದವರಿಗೂ ವೈವಾಕ್ಸ್ ತಗಲಿದ್ದನ್ನು 2010ರಲ್ಲಿ ದಾಖಲಿಸಲಾಗಿದೆ. ವೈವಾಕ್ಸಿನ ಕಾಟವನ್ನು ದಶಕಗಳಿಂದ ಕಂಡ ಮಂಗಳೂರಿನವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು ಎಂಬ ಲೆಕ್ಕ ಇಲ್ಲಿಯೂ ಕೂಡಿಬರುವುದಿಲ್ಲ.

ಎರಡನೆಯ ಆಕ್ಷೇಪ ವಿಜ್ಞಾನ ಬಲ್ಲವರದು, ನಾನು ಗೌರವಿಸುವಂಥದ್ದು: ನೀವು ಹೇಳಿದ ಸಾಕ್ಷ್ಯದಲ್ಲಿ ಬಹುಪಾಲು ಇಲಿ ಮತ್ತು ಮೀನುಗಳದ್ದು, ಅಲ್ಲದೆ ಈ ಗ್ರಾಹಿಗಳು ನಿಜಕ್ಕೂ ಮೂಕವಲ್ಲ, ಕೆಲವು ಅರೆಸ್ಟಿನ್ ಎಂಬ ಬೇರೆ ಪ್ರೋಟೀನನ್ನು ಕರೆಸಿಕೊಳ್ಳುತ್ತವೆ. ಎರಡೂ ನಿಜ. ಇಲಿಯಲ್ಲಿ ಕಂಡದ್ದನ್ನು ಮನುಷ್ಯನ ಚಿಕಿತ್ಸೆಯಾಗಿ ನೇರವಾಗಿ ಎತ್ತಿಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ನನ್ನ ವಾದ ಯಾವುದೋ ಔಷಧಿಯ ಪರವಾದುದಲ್ಲ. ಅಳಿಸುವಿಕೆ ಎಂದರೆ ದುರ್ಬಲಗೊಳಿಸುವಿಕೆ ಎಂಬ ಸಾರ್ವತ್ರಿಕ ನಿಯಮದ ವಿರುದ್ಧದ್ದು. ಸಾರ್ವತ್ರಿಕ ನಿಯಮವನ್ನು ಮುರಿಯಲು ಒಂದು ಜೀವಿಯಲ್ಲಿ ಸಿಕ್ಕ ಖಚಿತ ಅಪವಾದವೂ ಸಾಕು, ಡಫಿಯ ಸಾಕ್ಷ್ಯವಂತೂ ಮನುಷ್ಯರದ್ದೇ. ಅರೆಸ್ಟಿನ್ ವಿಷಯ ನನ್ನ ವಾದವನ್ನು ಸಡಿಲಿಸುವುದಿಲ್ಲ. ‘ಮೂಕ’ ಎಂಬ ಹಳೆಯ ಹೆಸರು ಇನ್ನೂ ಹೆಚ್ಚು ತಪ್ಪಾಗಿತ್ತು ಎಂದು ತೋರಿಸುತ್ತದೆ. ಒಂದು ರಿಯಾಯಿತಿಯನ್ನು ಮಾತ್ರ ಕೊಡಲೇಬೇಕು. ಕೆಲವು ಕಡೆ ಅಳಿಸುವವನನ್ನು ತಡೆಯುವುದರಿಂದ ನೇರ ಲಾಭ ಸಿಗಬಹುದು. ಎಸಿಕೆಆರ್3 ದೇಹದ ಸ್ವಂತ ನೋವುನಿವಾರಕ ಪೆಪ್ಟೈಡ್‌ಗಳನ್ನೂ ನುಂಗುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಅದರ ಬಾಯಿಗೆ ಬೇರೇನನ್ನೋ ಕೊಟ್ಟರೆ ಆ ಪೆಪ್ಟೈಡ್‌ಗಳು ಹೆಚ್ಚು ಹೊತ್ತು ಉಳಿಯಬಹುದೆಂಬ ದಾರಿಯಲ್ಲಿ ಸಂಶೋಧನೆ ಸಾಗಿದೆ. ಹಾಗೆಂದು ಅದೇ ಗ್ರಾಹಿಯ ಜೀನನ್ನು ಪೂರ್ತಿ ತೆಗೆದಾಗ ಇಲಿಮರಿಗಳು ಹೃದಯದ ಕವಾಟಗಳು ಕೆಟ್ಟು ಹುಟ್ಟಿದ ಹೊತ್ತಿಗೇ ಸಾಯುತ್ತವೆ. ಮೊತ್ತದ ಮಾತಿಗೆ ಅರ್ಥ ಬರುವುದು ಜಾಗವನ್ನೂ ಕಾಲವನ್ನೂ ಗುರುತು ಹಾಕಿಕೊಂಡ ಮೇಲೆ.

ಮೂರನೆಯ ಆಕ್ಷೇಪ ಸಾಮಾನ್ಯ ಓದುಗರದು: ಲಸಿಕೆ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಿಲ್ಲವೇ? ಲಸಿಕೆ ಮಾಡುವುದನ್ನು ಗಮನವಿಟ್ಟು ನೋಡಿದರೆ ಅದು ನನ್ನ ಪಕ್ಷದ ಸಾಕ್ಷಿ. ದಡಾರದ ಲಸಿಕೆ ದಡಾರದ ವೈರಸ್ಸನ್ನು ಗುರುತಿಸಲು ಕಲಿಸುತ್ತದೆ, ಧನುರ್ವಾಯುವನ್ನು ಗುರುತಿಸಲು ಕಲಿಸುವುದಿಲ್ಲ. ಅದು ಕೊಡುವುದು ಗುರಿ ಮತ್ತು ನೆನಪು, ಎಲ್ಲಕ್ಕೂ ಬಳಸಬಹುದಾದ ಮೊತ್ತವಲ್ಲ. ಇನ್ನೊಂದು ಸಾಕ್ಷಿ ಕೋವಿಡ್ ಕಾಲದ್ದು. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ರೋಗನಿರೋಧವನ್ನು ಅದುಮುವ ಡೆಕ್ಸಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡನ್ನು ಪರೀಕ್ಷಿಸಿತು. ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು, ಆಮ್ಲಜನಕ ಬೇಕಾಗಿದ್ದವರ ಸಾವು ಸುಮಾರು ಐದನೇ ಒಂದರಷ್ಟು ಕಡಿಮೆಯಾಯಿತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭವೇ ಕಾಣಲಿಲ್ಲ. ಅದೇ ವೈರಸ್ಸು, ಅದೇ ಔಷಧಿ, ಹೊತ್ತು ಬೇರೆ. ಊರಿಗೆ ಊರೇ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಓಡಾಡುತ್ತಿದ್ದ ದಿನಗಳಲ್ಲಿ ಉಸಿರಿಗಾಗಿ ಹೋರಾಡುತ್ತಿದ್ದ ಜೀವಗಳನ್ನು ಉಳಿಸಿದ್ದು ಅದನ್ನು ಸರಿಯಾದ ಹೊತ್ತಿಗೆ ಅದುಮಿದ ಮದ್ದು.

ಹಾಗಾದರೆ ಕೊರತೆಯ ಉದಾಹರಣೆಗಳ ಗತಿಯೇನು? ಅವು ನಿಂತೇ ಇರುತ್ತವೆ. ಸಿಡಿ4 ಕೋಶಗಳೇ ಇಲ್ಲದಿದ್ದರೆ ದಿಕ್ಕು ತೋರಿಸಿ ಫಲವಿಲ್ಲ. ಹಸಿದ ಮಗುವಿಗೆ ಬೇಕಾದದ್ದು ಅನ್ನ, ಇಳಿಜಾರಿನ ತತ್ವವಲ್ಲ. ಇರಬೇಕಾದದ್ದು ಇಲ್ಲದಿದ್ದಾಗ ಎಷ್ಟಿದೆ ಎಂಬುದೇ ಮೊದಲ ಪ್ರಶ್ನೆ. ತಪ್ಪು ನಡೆಯುವುದು ಆ ಪ್ರಶ್ನೆಯನ್ನು ಇರುವವರಿಗೂ ವಿಸ್ತರಿಸಿದಾಗ. ಕೊರತೆಯಿಂದ ಕೇಡು ಎಂಬುದರಿಂದ ಹೆಚ್ಚಳದಿಂದ ಒಳಿತು ಎಂಬುದು ಹೊರಡುವುದಿಲ್ಲ. ‘ಶಕ್ತಿ’ ಎಂಬ ಪದವನ್ನು ನುಡಿಯಿಂದ ಕಿತ್ತುಹಾಕಬೇಕೆಂದು ನಾನು ಕೇಳುತ್ತಿಲ್ಲ. ಬಳಕೆಯಲ್ಲಿ ಬೇರೂರಿದ ಪದ ಹಾಗೆಲ್ಲ ಹೋಗುವುದಿಲ್ಲ. ಅದನ್ನು ಉಚ್ಚರಿಸುವಾಗ ಎಷ್ಟು ಎಂಬುದರ ಜೊತೆಗೆ ಎಲ್ಲಿ, ಯಾವಾಗ, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕು ಎನ್ನುತ್ತಿದ್ದೇನೆ. ಔಷಧಿಯ ಅಂಗಡಿಯಲ್ಲಿ ಶಕ್ತಿಯ ಬಾಟಲಿ ಕೊಳ್ಳುವವರಿಗೆ ಈ ಪ್ರಶ್ನೆಗಳು ಒಂದಿಷ್ಟು ಹಣ ಉಳಿಸಿಯಾವು. ಕೆಂಪು ಗುರುತು ಬಿದ್ದ ರಕ್ತದ ವರದಿಯನ್ನು ಕೈಯಲ್ಲಿ ಹಿಡಿದು, ತನಗೆ ಬೇಕಾದ ಔಷಧಿ ಸಿಗುತ್ತದೋ ಇಲ್ಲವೋ ಎಂದು ಕಾಯುತ್ತಾ ಕೂತವರಿಗೆ, ಅವು ಔಷಧಿಯನ್ನೇ ಉಳಿಸಿಕೊಟ್ಟಾವು.